ಮೂರು ಮಿಲ್ಲಿನ ಜೇನುಹುಳು

ಮಾಲ್ಟಾ ದ್ವೀಪಕ್ಕೆ ಹೋದವರು ಅಲ್ಲಿಯ ಕೋಟೆಗಳನ್ನೂ ಇಗರ್ಜಿಗಳನ್ನೂ ನೋಡಿಬರುವುದು ವಾಡಿಕೆ. ನಾವಾದರೋ ಒಂದು ಜೇನುಹುಳುವನ್ನು ಅರಸುತ್ತ ವ್ಯಾಲೆಟ್ಟಾ ಪಟ್ಟಣದ ಬೀದಿಗಳನ್ನು ಸುತ್ತಿದೆವು. ಸುಣ್ಣಕಲ್ಲಿನ ಮನೆಗಳು, ಬೀದಿಯ ಕಡೆಗೆ ಚಾಚಿದ ಮರದ ಉಪ್ಪರಿಗೆಗಳು, ಇಳಿಜಾರಿನ ಕೊನೆಯಲ್ಲಿ ಕಡಲ ನೀಲಿ. ಇವೆಲ್ಲವೂ ರಮ್ಯವಾಗಿಯೇ ಇದ್ದುವು, ಆದರೆ ನಮ್ಮ ಗಮನವು ಹಳೆಯ ಸಾಮಾನಿನ ಅಂಗಡಿಗಳ ಕಡೆಗಿದ್ದಿತು.

ಆ ಜೇನುಹುಳು ಇರುವುದು ನಾಣ್ಯದ ಮೇಲೆ. ೧೯೬೪ರಲ್ಲಿ ಸ್ವತಂತ್ರವಾದ ಮಾಲ್ಟಾ ೧೯೭೨ರಲ್ಲಿ ಶಿಲಿಂಗು ಪೆನ್ನಿಗಳನ್ನು ಬಿಟ್ಟು ದಶಮಾಂಶದ ಲೆಕ್ಕವನ್ನು ಹಿಡಿಯಿತು. ಲೀರಾ ಒಂದಕ್ಕೆ ನೂರು ಸೆಂಟು, ಸೆಂಟೊಂದಕ್ಕೆ ಹತ್ತು ಮಿಲ್ಲು. ಎರಡು ಮಿಲ್ಲಿನ ಮೇಲೆ ಎಂಟು ಮೊನೆಗಳ ಶಿಲುಬೆ, ಐದರ ಮೇಲೆ ಮಣ್ಣಿನ ದೀಪ, ಮೂರರ ಮೇಲೆ ಎರಿಯ ಮೇಲೆ ಕುಳಿತ ಜೇನುಹುಳು. ಜೇನಿಗೆ ಗ್ರೀಕರ ಮಾತು ‘ಮೆಲಿ’. ಅದರಿಂದಲೇ ದ್ವೀಪಕ್ಕೆ ಹೆಸರು ಬಂದಿತೆಂದು ಕೆಲವರ ಮತ. ಮೂರೂ ಅಲ್ಯೂಮಿನಿಯಮ್ಮಿನವು, ಅಂಚು ಹೂವಿನ ಎಸಳಿನಂತೆ. ನಮ್ಮ ಹಳೆಯ ಹತ್ತು ಪೈಸೆಯನ್ನು ಬಲ್ಲ ವಾಚಕರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಇಷ್ಟು ಸಣ್ಣ ನಾಣ್ಯವೇಕೆಂದು ನಗಬಾರದು. ಅಲ್ಲಿ ಹಿಂದೆ ಗ್ರಾನೊ ಎಂಬ ನಾಣ್ಯವಿದ್ದಿತು. ಅದರ ಸ್ಥಾನಕ್ಕಾಗಿ ಇಂಗ್ಲಿಷರು ೧೮೨೭ರಿಂದ ೧೯೧೩ರ ವರೆಗಿನ ಕಾಲದಲ್ಲಿ ಫಾರ್ದಿಂಗಿನ ಮೂರನೆಯ ಒಂದು ಪಾಲಿನ ನಾಣ್ಯವನ್ನೇ ಆಗಾಗ ಅಚ್ಚು ಹಾಕಿಸಬೇಕಾಯಿತು. ಪೆನ್ನಿಯಲ್ಲಿ ಅದು ಹನ್ನೆರಡನೆಯ ಒಂದು ಭಾಗ. ನಮ್ಮ ಆಣೆಗೆ ಪೈ ಇದ್ದಂತೆ.

ಕೊನೆಗೆ ಒಂದು ಓಣಿಯಲ್ಲಿ ವೃದ್ಧರೊಬ್ಬರು ಬಿಸ್ಕತ್ತಿನ ಡಬ್ಬಿಯನ್ನು ಮುಂದಿಟ್ಟರು. ತುಂಬ ಮಿಲ್ಲುಗಳು! ಒಂದಕ್ಕೆ ಒಂದು ಯೂರೊ ಎಂದರು. ೨೦೦೮ರ ಜನವರಿ ೧ರಂದು ಯೂರೊ ಬಂದಾಗಿನ ದರದಂತೆ ಮೂರು ಮಿಲ್ಲು ಒಂದು ಯೂರೊ ಸೆಂಟಿಗೂ ಸಾಲದು. ನಮ್ಮ ಮನೆಯವರು, “ನೂರನಾಲ್ವತ್ತು ಪಟ್ಟು!” ಎಂದು ಮೆಲ್ಲನೆ ಎಚ್ಚರಿಸಿದರು. ನಾವೂ ಚೌಕಾಸಿಗೆ ಬಾಯಿ ತೆರೆದೆವು.

ಆಗ ವೃದ್ಧರು ಹೇಳಿದರು: “ಇದು ನಮ್ಮ ತಾಯಿಯವರ ಡಬ್ಬಿ. ಅಂಗಡಿಯಿಂದ ಬಂದ ಚಿಲ್ಲರೆಯನ್ನೆಲ್ಲ ಇದರಲ್ಲಿ ಹಾಕಿ ಅಡಿಗೆಮನೆಯ ಹಲಗೆಯ ಮೇಲೆ ಇಡುತ್ತಿದ್ದರು. ಅವರು ಹೋದಮೇಲೆ ನಮಗೆ ಸಿಕ್ಕಿತು. ಅಷ್ಟರಲ್ಲಿ ಇದನ್ನು ತೆಗೆದುಕೊಳ್ಳುವ ಬ್ಯಾಂಕೇ ಇರಲಿಲ್ಲ.”

ನಮ್ಮ ಮನೆಯವರೇ ಕೈಚೀಲವನ್ನು ಬಿಚ್ಚಿ ಒಂದು ಯೂರೊ ಕೊಟ್ಟರು. ವೃದ್ಧರು ಡಬ್ಬಿಯಲ್ಲಿ ಬಹಳ ಹೊತ್ತು ಹುಡುಕಿ, ರೆಕ್ಕೆಯ ಗೆರೆ ಸವೆಯದ ಒಂದನ್ನು ಆರಿಸಿ, ಅಂಗಿಯ ತುದಿಯಿಂದ ಒರಸಿ, ನಮ್ಮ ಅಂಗೈಯಲ್ಲಿಟ್ಟರು. ಎರಡು ಗ್ರಾಮೂ ಇಲ್ಲದ ಆ ನಾಣ್ಯದ ಭಾರವೇ ತಿಳಿಯಲಿಲ್ಲ.