ಸೊಳ್ಳೆಗೆ ನಮ್ಮ ಠಾವು ತಿಳಿಯುವ ಬಗೆ

ವಾಚಕರು ಮನ್ನಿಸಬೇಕು, ಸೊಳ್ಳೆಯಂಥ ಕ್ಷುದ್ರ ಜೀವಿಯನ್ನು ಕುರಿತು ಬರೆಯುವದಕ್ಕೆ ನಮಗೆ ಒಂದು ಹಳೆಯ ಋಣವೇ ಕಾರಣವಾಗಿದೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಮಾನ್ವಿಯಲ್ಲಿ ಮಕ್ಕಳಿಗೆ ಸಂಸ್ಕೃತ ಪಾಠವನ್ನು ಹೇಳುತ್ತಿದ್ದೆವು. ಅದು ಮಳೆಗಾಲ, ತುಂಗಭದ್ರೆಯ ಎಡದಂಡೆಯ ಕಾಲುವೆಗೆ ನೀರು ಬಂದು ಸೀಮೆಯ ಗದ್ದೆಗಳೆಲ್ಲ ತುಂಬಿ ನಿಂತಿದ್ದವು. ಮಕ್ಕಳು ಕಾಲು ತುರಿಸಿಕೊಳ್ಳುತ್ತಲೇ ಶಬ್ದರೂಪಗಳನ್ನು ಒಪ್ಪಿಸುತ್ತಿದ್ದರು. ಆಗ ಒಬ್ಬ ಬಾಲಕನು ಎದ್ದು ನಿಂತು, “ಗುರುಗಳೇ, ನಾವು ಎಲ್ಲಿ ಕೂತರೂ ಸೊಳ್ಳಿಗೆ ನಮ್ಮ ಠಾವು ಹ್ಯಾಂಗ ಗೊತ್ತಾಗ್ತದರೀ?” ಎಂದು ಕೇಳಿದನು. “ಲಕ್ಷ್ಯವು ಪಾಠದಲ್ಲಿದ್ದರೆ ಸೊಳ್ಳೆ ಕಚ್ಚಿದ್ದೇ ತಿಳಿಯುವದಿಲ್ಲ” ಎಂದು ನಾವು ಹೇಳಿದೆವು. ತರಗತಿಯೆಲ್ಲ ನಕ್ಕಿತು, ಅವನು ತಲೆ ತಗ್ಗಿಸಿ ಕುಳಿತನು. ಅದೇ ತಿಂಗಳು ಅವನಿಗೆ ಚಳಿಜ್ವರ ಹತ್ತಿತು. ಬಹುದಿನದ ಮೇಲೆ ಮರಳಿ ಬಂದನಾದರೂ ಮತ್ತೆಂದೂ ಪ್ರಶ್ನೆ ಕೇಳಲಿಲ್ಲ.

ಹೋದ ವರ್ಷ ನಾವೇ ಡೆಂಗ್ಯೂ ಜ್ವರದಿಂದ ಮಲಗಿದ್ದಾಗ ಆ ಪ್ರಶ್ನೆಯು ನೆನಪಾಯಿತು. ಚೇತರಿಸಿಕೊಂಡ ಬಳಿಕ ಉತ್ತರವನ್ನು ಹುಡುಕತೊಡಗಿದೆವು.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು ಸೊಳ್ಳೆಯ ಜಠರದ ಭಿತ್ತಿಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡರು. ನಮ್ಮ ಮಾನ್ವಿಯೂ ಆಗ ಅದೇ ನಿಜಾಮರ ರಾಜ್ಯದಲ್ಲಿದ್ದಿತು. ಆದರೆ ಸೊಳ್ಳೆಯು ನಮ್ಮನ್ನು ಹುಡುಕಿ ಬರುವ ದಾರಿಯನ್ನು ಹಂತಹಂತವಾಗಿ ಅರಿಯುವದಕ್ಕೆ ಇನ್ನೂ ಬಹುಕಾಲ ಹಿಡಿಯಿತು.

2015ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಗಾಳಿ ಬೀಸುವ ಒಂದು ಸುರಂಗದೊಳಗೆ ಹಸಿದ ಹೆಣ್ಣು ಸೊಳ್ಳೆಗಳನ್ನು ಬಿಟ್ಟು, ಕ್ಯಾಮೆರಾಗಳಿಂದ ಅವುಗಳ ಹಾರಾಟವನ್ನು ಹಿಂಬಾಲಿಸಿದರು. ಇವು ಡೆಂಗ್ಯೂ ಹರಡುವ ಈಡಿಸ್ ಜಾತಿಯವು. ಸುರಂಗದ ನೆಲದ ಮೇಲೆ ಒಂದು ಕಪ್ಪು ಗುರುತಿದ್ದಿತು. ಬರಿಯ ಗಾಳಿಯಲ್ಲಿ ಸೊಳ್ಳೆಗಳು ಅದನ್ನು ಲಕ್ಷಿಸಲಿಲ್ಲ. ನಾವು ಉಸಿರಿನೊಡನೆ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಬೆರೆಸಿದಾಗಲಾದರೋ, ವಾಸನೆಯೇ ಇಲ್ಲದ ಆ ಗುರುತಿನತ್ತ ಹಾರಿದವು. ಅವರು ಕಂಡ ಕ್ರಮವಿದು: 10ರಿಂದ 50 ಮೀಟರ್ ದೂರದಲ್ಲಿ ಉಸಿರಿನ ಸುಳಿವು, 5ರಿಂದ 15 ಮೀಟರಿನಲ್ಲಿ ಕಣ್ಣು, 1 ಮೀಟರಿನೊಳಗೆ ಮೈಯ ಬಿಸಿ. ಮೂಗಿಗೆ ಸುಳಿವು ದೊರೆತ ಮೇಲೆಯೇ ಕಣ್ಣು ಹುಡುಕತೊಡಗುವದು.

ಗೃಹಸ್ಥರಾದ ನಾವು ಉಸಿರನ್ನು ಮುಚ್ಚಿಡಲಾರೆವು. ನೀರಿನ ಹಂಡೆಯನ್ನು ಮುಚ್ಚಿಡಬಲ್ಲೆವು. ಈಡಿಸ್ ಸೊಳ್ಳೆಯು ಮನೆಯಲ್ಲಿ ತುಂಬಿಟ್ಟ ತಿಳಿನೀರಿನ ಪಾತ್ರೆಯ ಒಳಮೈಗೆ, ನೀರಿನ ಅಂಚಿಗೆ ತುಸು ಮೇಲೆ, ತತ್ತಿಗಳನ್ನು ಅಂಟಿಸುವದು. ನೀರು ತಾಕಿದ ತತ್ತಿಯು ಸೊಳ್ಳೆಯಾಗಿ ಹಾರಲು ನಮ್ಮ ಸೆಕೆಯಲ್ಲಿ ವಾರ ಹತ್ತು ದಿನ ಸಾಕು. ಆದುದರಿಂದ ನೀರನ್ನು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ಒಳಮೈಯನ್ನು ಚೆನ್ನಾಗಿ ತಿಕ್ಕಿ ಒಣಗಿಸಬೇಕು. ಪ್ರತಿ ಶನಿವಾರ ನಮ್ಮ ಮನೆಯ ಹಂಡೆಯನ್ನು ಈಗ ನಾವೇ ತಿಕ್ಕುತ್ತೇವೆ.

ಆ ಬಾಲಕನು ಈಗ ಎಲ್ಲಿರುವನೋ ನಾವರಿಯೆವು. ಅವನ ಮನೆಗೆ ಈ ಪತ್ರಿಕೆಯು ಬರುತ್ತಿದ್ದರೆ ಅವನ ಮಕ್ಕಳಾದರೂ ಇದನ್ನು ಓದಿ ಅವನಿಗೆ ತಿಳಿಸಲಿ: ಅವನ ಪ್ರಶ್ನೆಯು ಸರಿಯಾದದ್ದೇ ಆಗಿತ್ತು. “ನಮಗೆ ತಿಳಿಯದಪ್ಪಾ” ಎಂದು ಹೇಳಬೇಕಾಗಿದ್ದಲ್ಲಿ ನಾವು ತರಗತಿಯನ್ನು ನಗಿಸಿದೆವು.