ಮುಪ್ಪಿನ ತಟ್ಟೆ

ಅಸೂಯೆಯನ್ನು ಹೊಟ್ಟೆಕಿಚ್ಚೆಂದೂ ಮರುಕವನ್ನು ಕರುಳು ಚುರುಕ್ಕೆನ್ನುವುದೆಂದೂ ಹೇಳುವ ಕನ್ನಡದ ಆಡುಮಾತು ಭಾವನೆಗಳ ನೆಲೆಯನ್ನು ಬಹುಕಾಲದಿಂದ ಹೊಟ್ಟೆಯಲ್ಲಿಯೇ ಗುರುತಿಸುತ್ತ ಬಂದಿದೆ. ಕರುಳಿನಲ್ಲಿ ನೆಲೆಸಿರುವ ಅಸಂಖ್ಯ ಸೂಕ್ಷ್ಮಜೀವಿಗಳಿಗೂ ಮಿದುಳಿಗೂ ನಡುವೆ ಸುದ್ದಿ ಎರಡೂ ಕಡೆಯಿಂದ ಹರಿಯುತ್ತದೆಂದು ಇಂದಿನ ಜೀವವಿಜ್ಞಾನವೂ ಹೇಳುತ್ತದೆ. ಮಿದುಳಿನ ಬುಡದಿಂದ ಹೊರಟು ಎದೆಯನ್ನು ಹಾದು ಹೊಟ್ಟೆಗಿಳಿಯುವ ವೇಗಸ್ ನರ, ರಕ್ತದಲ್ಲಿ ಸಂಚರಿಸುವ ರಾಸಾಯನಿಕಗಳು ಮತ್ತು ರೋಗನಿರೋಧಕ ವ್ಯವಸ್ಥೆ, ಈ ಮೂರೂ ಆ ಸುದ್ದಿಯನ್ನು ಒಯ್ಯುವ ದಾರಿಗಳು.

ಈ ಸೂಕ್ಷ್ಮಜೀವಿಗಳಿಗೂ ಮುಪ್ಪಿಗೂ ನಂಟು ಕಲ್ಪಿಸಿದವರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಇಲ್ಯಾ ಮೆಚ್ನಿಕಾಫ್ ಮೊದಲಿಗರು. ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಅವರು ಕುಡಿಯುವ ಹುಳಿ ಹಾಲೇ ಕಾರಣವಿರಬಹುದೆಂದು 1907ರ ಸುಮಾರಿಗೆ ವಾದಿಸಿದ ಅವರಿಗೆ, ರೋಗನಿರೋಧಕ ಶಕ್ತಿಯನ್ನು ಕುರಿತ ಬೇರೆ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೋಬಯೋಟಿಕ್‌ಗಳು ಎಂಬ ವ್ಯಾಖ್ಯೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ರೂಪಿಸಿದರು.

ಮುಪ್ಪಿನಲ್ಲಿ ಮೊದಲು ಕಿರಿದಾಗುವುದು ತಟ್ಟೆ. ಹಲ್ಲು ಬಿದ್ದಂತೆ ಕಾಳು, ಸೊಪ್ಪು, ಕೋಸಂಬರಿಗಳು ಒಂದೊಂದಾಗಿ ಮರೆಯಾಗಿ, ಮೆತ್ತಗಿನ ಅನ್ನ-ಸಾರು ಮಾತ್ರ ಉಳಿಯುತ್ತದೆ. ಒಬ್ಬರೇ ಉಣ್ಣುವವರಿಗೆ ಅದೂ ಬೇಡವೆನಿಸುತ್ತದೆ. ನಾರಿನಂಶವೇ ಕರುಳಿನ ಸೂಕ್ಷ್ಮಜೀವಿಗಳ ಆಹಾರವಾದ್ದರಿಂದ, ಅದು ಕಡಿಮೆಯಾದಾಗ ಕರುಳಿನ ಒಳಪದರವನ್ನು ಪೋಷಿಸುವ ಬ್ಯುಟಿರೇಟ್‌ನಂಥ ಆಮ್ಲಗಳ ತಯಾರಿಕೆಯೂ ಕುಗ್ಗುತ್ತದೆ. ಐರ್ಲೆಂಡಿನ 178 ಹಿರಿಯರನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೈಕೆ ಕೇಂದ್ರಗಳಲ್ಲಿ ದೀರ್ಘಕಾಲ ನೆಲೆಸಿದ್ದವರ ಸೂಕ್ಷ್ಮಜೀವಿಗಳ ವೈವಿಧ್ಯ ಸ್ವಂತ ಮನೆಗಳಲ್ಲಿದ್ದವರದಕ್ಕಿಂತ ಕಡಿಮೆಯಿತ್ತು. ಅದಕ್ಕೂ ಅವರ ಆಹಾರಕ್ಕೂ ದೇಹದ ದೌರ್ಬಲ್ಯಕ್ಕೂ ಸಂಬಂಧ ಕಂಡುಬಂದಿತು.

ಮನಸ್ಸಿನ ಮಾತಿಗೆ ಬಂದರೆ, ಕೊರಿಯದಲ್ಲಿ 65 ದಾಟಿದ 63 ಆರೋಗ್ಯವಂತರ ಮೇಲೆ ನಡೆದ ಪ್ರಯೋಗದಲ್ಲಿ, 12 ವಾರ ಬೈಫಿಡೋಬ್ಯಾಕ್ಟೀರಿಯಂ ಎಂಬ ಪ್ರೋಬಯೋಟಿಕ್ ಸೇವಿಸಿದವರ ಒತ್ತಡ ತಗ್ಗಿ ಚಿಂತನೆಯ ಚುರುಕು ಹೆಚ್ಚಿತು. ಭರವಸೆ ಹುಟ್ಟಿಸುವ ಫಲಿತಾಂಶವಿದಾದರೂ ಪ್ರಯೋಗ ಸಣ್ಣದು. ಒಂದು ತಳಿಯ ಗುಣ ಇನ್ನೊಂದಕ್ಕೆ ತಾನಾಗಿ ಬರುವುದೂ ಇಲ್ಲ. ಹಾಗಾಗಿ ಮನೆಯ ಮೊಸರನ್ನು ಮನಸ್ಸಿನ ಔಷಧವೆಂದು ಸಾರುವುದು ಸಲ್ಲದು.

ಆದರೂ ಮೊಸರಿನ ಬೆಲೆ ಸಣ್ಣದಲ್ಲ. ಕಾಯಿಸಿದ ಹಾಲು ಉಗುರುಬೆಚ್ಚಗಾದಾಗ ಒಂದು ಚಮಚ ಹೆಪ್ಪು ಬೆರೆಸಿ ಮುಚ್ಚಿಟ್ಟರೆ, ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಹಾಲಿನ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸಿ, ಬೆಳಗಾಗುವಷ್ಟರಲ್ಲಿ ಹಾಲು ಗಟ್ಟಿಯಾಗಿರುತ್ತದೆ. ಮಜ್ಜಿಗೆಹುಳಿಯಲ್ಲಿ ಕುದಿದಾಗ ಸಾಯುವ ಆ ಜೀವಿಗಳು ನೀರುಮಜ್ಜಿಗೆಯಲ್ಲಿ ಜೀವಂತವಾಗಿರುತ್ತವೆ. ಹಲ್ಲಿಲ್ಲದ ಬಾಯಿಗೂ ಅದು ಸುಲಭ. ಅದರ ಜೊತೆಗೆ ಬೇಯಿಸಿ ಮಸೆದ ಸೊಪ್ಪು, ರಾಗಿ ಅಂಬಲಿ, ನುಣ್ಣಗೆ ಬೆಂದ ಹೆಸರುಕಾಳು ಮರಳಿ ಬಂದರೆ ತಟ್ಟೆ ಮತ್ತೆ ಹಿಗ್ಗುತ್ತದೆ.

ರೋಗನಿರೋಧಕ ಶಕ್ತಿ ತೀರ ಕುಂದಿದವರು ಪ್ರೋಬಯೋಟಿಕ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ವಾರಗಟ್ಟಲೆ ಬಿಡದ ಖಿನ್ನತೆಗೆ ಚಿಕಿತ್ಸೆಯೇ ಬೇಕು. ಉಳಿದಂತೆ, ಮನೆಯ ಹಿರಿಯರ ತಟ್ಟೆಗೆ ಈ ವಾರ ಏನೇನು ಬಿತ್ತು, ಅವರು ಉಣ್ಣುವಾಗ ಪಕ್ಕದಲ್ಲಿ ಯಾರು ಕುಳಿತಿದ್ದರು ಎಂಬುದನ್ನು ಮನೆಯವರು ಒಮ್ಮೆ ಎಣಿಸಿ ನೋಡಲಿ.