ಬಣ್ಣ ಅಂಟದ ದೋಣಿ



ಕಾರಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಿ, ಅದರ ಮೇಲೆ ನೀರು ಮುತ್ತಿನಂತೆ ಉರುಳುವುದನ್ನು ನನಗೆ ತೋರಿಸಿದವರು ನಿಮ್ಮಲ್ಲೇ ಒಬ್ಬರು. ಅದನ್ನು ನೋಡಿ ನನಗೂ ಹುಚ್ಚು ಹಿಡಿಯಿತು. ಕಾಸಿಮೇಡಿನಲ್ಲಿ ನನಗೊಬ್ಬರು ಮೀನುಗಾರ ಸ್ನೇಹಿತರಿದ್ದಾರೆ. ಅವರ ಫೈಬರ್ ದೋಣಿಗೂ ಇದನ್ನೇ ಹಚ್ಚಿದರೆ ಹೇಗೆ ಎಂದುಕೊಂಡೆ.

ಹಿಂದೆ ಈ ತೀರದಲ್ಲಿ ಎಲ್ಲೆಲ್ಲೂ ಕಟ್ಟುಮರಗಳು. ಇಂಗ್ಲಿಷಿನ ಕ್ಯಾಟಮರಾನ್ ಹುಟ್ಟಿದ್ದು ಈ ತಮಿಳು ಪದದಿಂದ. ಕನ್ನಡಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ! ದಿಮ್ಮಿಗಳನ್ನು ದಡದಲ್ಲಿ ಬಿಚ್ಚಿ ಒಣಗಿಸಿದರೆ ಆಯಿತು. ನಮ್ಮ ಮಲ್ಪೆ ಕಡೆ ಹಲಗೆ ದೋಣಿಗಳಿಗೆ ಬೂತಾಯಿ ಮೀನಿನ ಎಣ್ಣೆಯನ್ನೋ, ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುತ್ತಿದ್ದರು. ಗೇರೆಣ್ಣೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಅಜ್ಜ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಫೈಬರ್ ದೋಣಿಗಳು ಹೇರಳವಾಗಿ ಬಂದವು.

ಫೈಬರ್ ಮರದಂತೆ ಕೊಳೆಯುವುದಿಲ್ಲ, ನಿಜ. ಆದರೆ ಅದರ ಮೇಲಿನ ಜೆಲ್‌ಕೋಟ್ ಎಂಬ ಹೊಳಪಿನ ಪದರ ಬಿಸಿಲಿಗೆ ಸೀಮೆಸುಣ್ಣದಂತಾಗುತ್ತದೆ. ಬೆರಳಿಂದ ಉಜ್ಜಿದರೆ ಬಿಳಿ ಪುಡಿ.

ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಟ್ರಾಲರುಗಳು ಕಡಲಿಗಿಳಿಯುವಂತಿಲ್ಲ. ಆಗ ಬಂದರೆಲ್ಲ ಬಣ್ಣದ ವಾಸನೆ. ಸ್ನೇಹಿತರ ಸಣ್ಣ ದೋಣಿಗೆ ಆ ನಿಷೇಧವಿಲ್ಲ. ರಿಪೇರಿಗೆಂದು ಎರಡೇ ದಿನ ಮೇಲೆಳೆದಿದ್ದರು. ಮೇ ತಿಂಗಳ ಮಟಮಟ ಮಧ್ಯಾಹ್ನ ಸೀಸೆ ಹಿಡಿದು ಹೋದೆ.

ಸೀಸೆಯ ದ್ರವ ಗಾಳಿಯ ತೇವದೊಡನೆ ಸೇರಿ ಗಟ್ಟಿಯಾಗಿ, ಕೂದಲಿಗಿಂತ ಎಷ್ಟೋ ತೆಳುವಾದ, ಗಾಜಿನ ಜಾತಿಯ ಪದರವಾಗುತ್ತದೆ. ಮೊದಲು ಆ ಬಿಳಿ ಪುಡಿಯನ್ನು ಪಾಲಿಶ್ ಮಾಡಿ ತೆಗೆಯಬೇಕು. ಆಮೇಲೆ ನೆರಳಲ್ಲಿ, ತಣ್ಣಗಿರುವ ಮೈಗೆ ಸ್ವಲ್ಪಸ್ವಲ್ಪವೇ ಹಚ್ಚಿ, ಕೆಲವೇ ನಿಮಿಷಗಳಲ್ಲಿ ಒರೆಸಬೇಕು. ಮೂತಿಯ ಬಳಿ ನೆರಳಿದ್ದ ಒಂದು ಮೊಳ ಜಾಗದಲ್ಲಿ ಹಾಗೆಯೇ ಮಾಡಿದೆ. ಚೆನ್ನಾಗಿ ಬಂತು. ಅಷ್ಟಕ್ಕೇ ಧೈರ್ಯ ಬಂದು, ಪಾಲಿಶ್ ಯಾಕೆ ಎಂದು ಉಳಿದದ್ದಕ್ಕೆಲ್ಲ ಬಿಸಿಲಲ್ಲೇ ಬಳಿದೆ. ಒರೆಸುವ ಮೊದಲೇ ಕಚ್ಚಿಕೊಂಡಿತು. ಮಸುಕು ಹಾಗೇ ಉಳಿಯಿತು, ಮೇಲೆ ಪಟ್ಟೆ ಪಟ್ಟೆ.

ಮರುದಿನ ನೋಂದಣಿ ಸಂಖ್ಯೆ ಬರೆಯಲು ಪೇಂಟರ್ ಬಂದ. ಒಣಗಿದ ಅಕ್ಷರ ಉಗುರು ತಾಗಿಸಿದರೆ ಸಿಪ್ಪೆಯಂತೆ ಎದ್ದು ಬಂತು. "ಪೆಯಿಂಟ್ ಒಟ್ಟಲೆ ಸಾರ್" ಎಂದ. ಹೇಗೆ ಅಂಟೀತು? ಏನೂ ಅಂಟದಂತೆ ಮಾಡುವುದೇ ಕೋಟಿಂಗಿನ ಕೆಲಸವಲ್ಲವೇ! ಸಂಖ್ಯೆಯನ್ನು ಮೊದಲೇ ಬರೆಸಬೇಕಿತ್ತು. ನಾನೂ ಸ್ನೇಹಿತರ ಮಗನೂ ಉಪ್ಪುಕಾಗದ ಹಿಡಿದು ಮೂರು ದಿನ ತಿಕ್ಕಿದೆವು. ಆ ಮೂರು ದಿನ ಅವರ ಮನೆಗೆ ಸಂಪಾದನೆಯಿಲ್ಲ. ದುಡ್ಡು ಕೊಡಹೋದರೆ, "ಬಿಡಿ ಸಾರ್, ಒಳ್ಳೆಯದಕ್ಕೇ ಮಾಡಿದಿರಿ" ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತಿಳಿದ ಮೇಲೆ ಅನಿಸಿದ್ದು: ಹೊರೆಕೆಲಸವಿಲ್ಲದ ಯಾಟ್‌ಗೆ ಇದು ಸರಿ, ಪ್ರತಿದಿನ ಮರಳ ಮೇಲೆ ಎಳೆಯುವ ದೋಣಿಯ ತಳದಲ್ಲಿ ಎಷ್ಟು ದಿನ ಉಳಿದೀತು? ನೀರಲ್ಲೇ ನಿಲ್ಲುವ ದೋಣಿಗಾದರೂ, ತಳಕ್ಕೆ ಚಿಪ್ಪುಜೀವಿಗಳು ಕಚ್ಚದಂತೆ ತಾಮ್ರ ಬೆರೆಸಿದ ಬೇರೆಯೇ ಬಣ್ಣ ಬೇಕು.

ಮೂತಿಯ ಆ ಒಂದು ಮೊಳವನ್ನು ಮಾತ್ರ ನಾವು ತಿಕ್ಕಲಿಲ್ಲ. ಈಗಲೂ ನಾನು ಹೋದಾಗಲೆಲ್ಲ ಆ ಹುಡುಗ ಅದರ ಮೇಲೆ ಒಂದು ಬೊಗಸೆ ಕಡಲ ನೀರು ಚೆಲ್ಲಿ ನನ್ನ ಮುಖ ನೋಡಿ ನಗುತ್ತಾನೆ.